ಕ್ಲೆಮೆಂಟಿನಾ ಬ್ಲ್ಯಾಕ್

ಕ್ಲೆಮೆಂಟಿನಾ ಬ್ಲ್ಯಾಕ್ (1853–1922): ಇಂಗ್ಲೆಂಡಿನ ಕಾದಂಬರಿಕಾರ್ತಿ, ದುಡಿಯುವ ಸ್ತ್ರೀಯರ ಕೂಲಿಗೂ ಸಂಘಟನೆಗೂ ಶಾಸನದ ಆಶ್ರಯ ದೊರಕಿಸಲು ಜೀವಮಾನವೆಲ್ಲ ಶ್ರಮಿಸಿದ ಕಾರ್ಯಕರ್ತೆ. ಬ್ರೈಟನ್ ನಗರದ ವಕೀಲರೊಬ್ಬರ ಮಗಳಾಗಿ ಜನಿಸಿದ ಈಕೆ, 1875ರಲ್ಲಿ ತಾಯಿ ತೀರಿಕೊಳ್ಳಲು ರುಗ್ಣನಾದ ತಂದೆಯ ಶುಶ್ರೂಷೆಯನ್ನೂ ಒಡಹುಟ್ಟಿದವರ ಪಾಲನೆಯನ್ನೂ ವಹಿಸಿಕೊಂಡು, ಆ ಗೃಹಕೃತ್ಯದ ನಡುವೆಯೇ 1877ರಲ್ಲಿ ಮೊದಲ ಕಾದಂಬರಿಯನ್ನು ಪ್ರಕಟಿಸಿದಳು. ರಷ್ಯನ್ ಮಹಾಕೃತಿಗಳನ್ನು ಇಂಗ್ಲಿಷಿಗೆ ತಂದ ಕಾನ್‌ಸ್ಟೆನ್ಸ್ ಗಾರ್ನೆಟ್ ಈಕೆಯ ತಂಗಿ.

ಎಮ್ಮಾ ಪ್ಯಾಟರ್ಸನ್ 1874ರಲ್ಲಿ ಸ್ಥಾಪಿಸಿದ್ದ ಸ್ತ್ರೀಕಾರ್ಮಿಕರ ಸಂಘಕ್ಕೆ 1886ರಲ್ಲಿ ಕಾರ್ಯದರ್ಶಿನಿಯಾದ ಬ್ಲ್ಯಾಕ್, 1888ರಲ್ಲಿ ಬ್ರ್ಯಾಡ್‌ಫರ್ಡಿನಲ್ಲಿ ಸೇರಿದ ಕಾರ್ಮಿಕ ಸಂಘಗಳ ಮಹಾಸಭೆಯಲ್ಲಿ, ಒಂದೇ ಕೆಲಸಕ್ಕೆ ಗಂಡಸಿಗೆ ಸಲ್ಲುವಷ್ಟೇ ಕೂಲಿ ಹೆಂಗಸಿಗೂ ಸಲ್ಲತಕ್ಕದ್ದೆಂಬ ನಿರ್ಣಯವನ್ನು ಮಂಡಿಸಿ ಅಂಗೀಕಾರ ಪಡೆದಳು. ಬ್ರಿಟನ್ನಿನಲ್ಲಿ ಸಮಾನ ವೇತನದ ಶಾಸನವಾದದ್ದು 1970ರಲ್ಲಿ ಎಂಬುದನ್ನು ನೆನೆದರೆ ಈಕೆಯ ದೂರದೃಷ್ಟಿ ವೇದ್ಯವಾಗುತ್ತದೆ. ಅದೇ 1888ರ ಜೂನ್ ತಿಂಗಳಲ್ಲಿ ಸಮಾಜವಾದಿಗಳ ಫೇಬಿಯನ್ ಸಂಘದಲ್ಲಿ ಈಕೆ ಸ್ತ್ರೀಯರ ದುಡಿಮೆಯನ್ನು ಕುರಿತು ಮಾಡಿದ ಭಾಷಣವನ್ನು ಕೇಳಿದವರಲ್ಲಿ, ಮುಂದೆ ಭಾರತದ ಹೋಮ್ ರೂಲ್ ಚಳವಳಿಯ ನೇತ್ರಿಯಾಗಿ ನಮಗೆ ಪರಿಚಿತಳಾದ ಆನಿ ಬೆಸೆಂಟಳೂ ಒಬ್ಬಳು. ಅಲ್ಲಿ ಎದ್ದ ಚರ್ಚೆಯಿಂದ ಪ್ರೇರಿತಳಾಗಿ ಬೆಸೆಂಟ್ ಬರೆದ ಲೇಖನದ ಬೆನ್ನಿಗೇ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯ ಸುಮಾರು 1,400 ಮಂದಿ ಕೆಲಸ ನಿಲ್ಲಿಸಿ ಜಯಶಾಲಿಗಳಾದರು.

ಆದರೆ ಬ್ಲ್ಯಾಕಳ ಮನಸ್ಸನ್ನು ಹೆಚ್ಚಾಗಿ ಕಲಕಿದವರು ಕಾರ್ಖಾನೆಯ ಹೊರಗೆ ಒಂಟಿಕೋಣೆಗಳಲ್ಲಿ ಕುಳಿತು ಬೆಂಕಿಪೆಟ್ಟಿಗೆ ಅಂಟಿಸುತ್ತ, ಅಂಗಿ ಹೊಲಿಯುತ್ತ, ಅಂಟು ದಾರಗಳ ಖರ್ಚನ್ನೂ ತಾವೇ ಹೊತ್ತು, ನಗಲೆಕ್ಕದ ಕಾಸಿನಲ್ಲಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸರು. ನ್ಯಾಯವಾದ ಕೂಲಿ ಕೊಡುವ ಅಂಗಡಿಗಳಲ್ಲಿಯೇ ಕೊಳ್ಳಿರೆಂದು ಗ್ರಾಹಕರನ್ನು ಬೇಡುವ ಮಾರ್ಗವನ್ನು ಮೊದಲು ಹಿಡಿದಿದ್ದ ಈಕೆ, ಒಂದು ವಸ್ತು ಎಷ್ಟು ಕೈಗಳನ್ನು ದಾಟಿ ಬಂತೆಂಬುದು ಕೊಳ್ಳುವವನಿಗೆ ತಿಳಿಯದೆಂದೂ, ಒಬ್ಬರ ಮುಖವನ್ನೊಬ್ಬರು ಕಾಣದೆ ಹಸಿವಿನಲ್ಲಿ ದುಡಿಯುವವರು ಸಂಘ ಕಟ್ಟಲಾರರೆಂದೂ ಅನುಭವದಿಂದ ಮನಗಂಡು, ಕನಿಷ್ಠ ಕೂಲಿಯನ್ನು ಶಾಸನವೇ ನಿಗದಿಮಾಡಬೇಕೆಂಬ ನಿಲುವಿಗೆ ಬಂದಳು. ತಾನು ನೆಚ್ಚಿದ ಉಪಾಯ ಸಾಲದೆಂದು ಕಂಡಾಗ ಅದನ್ನು ಬಿಟ್ಟು ಮುನ್ನಡೆದ ಈ ಬೌದ್ಧಿಕ ಪ್ರಾಮಾಣಿಕತೆಯೇ ಈಕೆಯ ಹಿರಿಮೆ. 1894ರಲ್ಲಿ ರೂಪುಗೊಂಡ ಮಹಿಳಾ ಔದ್ಯೋಗಿಕ ಮಂಡಲಿಯ ಮೂಲಕ ಕಸಬುಕಸಬಿನ ಸ್ಥಿತಿಯನ್ನು ವಿಚಾರಣೆಗೊಳಪಡಿಸಿ ದಾಖಲಿಸಿದ್ದಲ್ಲದೆ, 1907ರಲ್ಲಿ ‘ಸ್ವೆಟೆಡ್ ಇಂಡಸ್ಟ್ರಿ ಅಂಡ್ ದಿ ಮಿನಿಮಮ್ ವೇಜ್’ ಗ್ರಂಥದಲ್ಲಿ ತನ್ನ ವಾದವನ್ನು ಸಮಗ್ರವಾಗಿ ಪ್ರತಿಪಾದಿಸಿದಳು. ಮಂಡಲಿಗಳ ಮೂಲಕ ಕನಿಷ್ಠ ಕೂಲಿಯನ್ನು ನಿಗದಿಮಾಡಲು ಅವಕಾಶವಿತ್ತ 1909ರ ಟ್ರೇಡ್ ಬೋರ್ಡ್ಸ್ ಶಾಸನವು ಮೊದಲಿಗೆ ಸಿದ್ಧ ಉಡುಪು, ಕಾಗದದ ಪೆಟ್ಟಿಗೆ, ಯಂತ್ರದ ಲೇಸು, ಸರಪಳಿ ಈ ನಾಲ್ಕು ಕಸಬುಗಳಿಗೆ ಮಾತ್ರ ಅನ್ವಯಿಸಿದರೂ, ಅವುಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಸ್ತ್ರೀಯರೇ ಆಗಿದ್ದರು.

ಸ್ತ್ರೀಯರ ಮತಾಧಿಕಾರದ ಚಳವಳಿಯಲ್ಲಿಯೂ ಬ್ಲ್ಯಾಕ್ ಭಾಗಿಯಾಗಿದ್ದಳು. ಈಕೆ ಸಂಪಾದಿಸಿದ ‘ಮ್ಯಾರೀಡ್ ವಿಮೆನ್ಸ್ ವರ್ಕ್’ (1915), ವಿವಾಹಿತೆಯು ದುಡಿದು ಗಳಿಸುವುದೇ ಸಂಸಾರಕ್ಕೆ ಕೇಡೆಂಬ ಅಂದಿನ ನಂಬಿಕೆಯನ್ನು ಮನೆಮನೆಯ ವಿಚಾರಣೆಯಿಂದ ಪರೀಕ್ಷಿಸಿ, ಕೇಡಿರುವುದು ದುಡಿಮೆಯಲ್ಲಲ್ಲ, ಅಲ್ಪಕೂಲಿಯಲ್ಲಿ ಎಂಬುದನ್ನು ಎತ್ತಿತೋರಿಸಿತು.