ಹಾಸಿಗೆ ಆಸ್ಪತ್ರೆಯಲ್ಲೋ, ಮನೆಯಲ್ಲೋ?

ಚೆನ್ನೈನ ಚೆಟ್‌ಪೆಟ್ ಕಡೆ ಓಡಾಡುವ ಓದುಗರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯ ಫಲಕವನ್ನು ನೋಡಿರಬಹುದು. 1956ರಲ್ಲಿ ಕ್ಷಯ ಚಿಕಿತ್ಸಾ ಕೇಂದ್ರವೆಂದು ಆರಂಭವಾದ ಈ ಸಂಸ್ಥೆ, ಆ ಕಾಲದ ಒಂದು ದೊಡ್ಡ ನಂಬಿಕೆಯನ್ನೇ ಅಲುಗಾಡಿಸಿತು.

ಎದೆಯ ಕ್ಷಯ ಎಂದರೆ ಆಗ ಸ್ಯಾನಟೋರಿಯಂ ಎಂದೇ ಅರ್ಥ. ಊರಾಚೆಯ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ನಮ್ಮವರಿಗೆ ಪರಿಚಿತ ಉದಾಹರಣೆ. ಆದರೆ ದೇಶದಲ್ಲಿದ್ದ ಹಾಸಿಗೆಗಳು ರೋಗಿಗಳ ಸಂಖ್ಯೆಗೆ ಏನೇನೂ ಸಾಲುತ್ತಿರಲಿಲ್ಲ. ದುಡಿಯುವವನು ವರ್ಷವಿಡೀ ಆಸ್ಪತ್ರೆ ಸೇರಿದರೆ ಮನೆಯವರ ಹೊಟ್ಟೆಗೇನು? ತಾಯಿ ಹೋದರೆ ಮಕ್ಕಳನ್ನು ನೋಡುವವರು ಯಾರು?

ಅಷ್ಟರಲ್ಲಿ ಪಿ.ಎ.ಎಸ್. ಬಳಕೆಗೆ ಬಂದಿತ್ತು; 1952ರಲ್ಲಿ ಐಸೋನಿಯಾಜಿಡ್ ಕೂಡ ಬಂತು. ಇವೆರಡೂ ಇರುವಾಗ ಹಾಸಿಗೆ ಬೇಕೇ ಬೇಕೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಇದನ್ನು ಪರೀಕ್ಷೆಗೆ ಒಡ್ಡಿದವು. ಮುಂದಾಳು ವಾಲೇಸ್ ಫಾಕ್ಸ್. ನಗರದ ಬಡ, ಇಕ್ಕಟ್ಟಾದ ಮನೆಗಳ 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಂಗೆ ಹೋಯಿತು, ಇನ್ನೊಂದು ಮನೆಯಲ್ಲೇ ಉಳಿಯಿತು. ಔಷಧಿ ಇಬ್ಬರಿಗೂ ಒಂದೇ.

ಮನೆಯವರಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ, ದುಡಿಮೆ ಹೆಚ್ಚು. ಆದರೂ ವರ್ಷದ ಕೊನೆಗೆ ಕಫದಲ್ಲಿ ರೋಗಾಣು ಅಡಗಿದ್ದವರು ಸ್ಯಾನಟೋರಿಯಂನಲ್ಲಿ ಶೇ. 92, ಮನೆಯಲ್ಲಿ ಶೇ. 86. ಸ್ಯಾನಟೋರಿಯಂನವರು ಹೆಚ್ಚು ಮೈತುಂಬಿಕೊಂಡರು, ಅಷ್ಟೇ. ರೋಗಿ ಮನೆಯಲ್ಲೇ ಇದ್ದನೆಂದು ಅವನ ಮನೆಯವರಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. 1959ರಲ್ಲಿ ಈ ವರದಿ ಪ್ರಕಟವಾಯಿತು; ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಮುಂದೆ ದೇಶದ ಕ್ಷಯ ಚಿಕಿತ್ಸೆ ಹಾಸಿಗೆ ಬಿಟ್ಟು ಮನೆಯ ದಾರಿ ಹಿಡಿಯಿತು.

ಹಾಗೆಂದು ಮನೆಯಲ್ಲಿ ಮಲಗಿದರೆ ಸಾಕು ಎಂದು ಮದ್ರಾಸ್ ಹೇಳಲಿಲ್ಲ. ಅಲ್ಲಿ ಸಿಬ್ಬಂದಿ ಮನೆಗಳಿಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸಿ ಔಷಧಿ ಒಳಗೆ ಹೋಗಿದೆಯೇ ಎಂದು ನೋಡುತ್ತಿದ್ದರು. ಗುಣಪಡಿಸಿದ್ದು ಮನೆಯಲ್ಲ, ತಪ್ಪದೆ ನುಂಗಿದ ಔಷಧಿ. ಉಸಿರು ಕಟ್ಟುವವರಿಗೆ, ರಕ್ತ ಕೆಮ್ಮುವವರಿಗೆ ಇಂದಿಗೂ ಆಸ್ಪತ್ರೆಯೇ ಗತಿ. ಉಳಿದವರನ್ನು ಮನೆಗೆ ಕಳಿಸುವುದು ಸುಲಭ. ಅವರ ಬಾಗಿಲಿಗೆ ಹೋಗಿ ವಿಚಾರಿಸುವವರನ್ನು ಹೊಂದಿಸುವುದೇ ಕಷ್ಟ.