ಎದುರು ಹಲ್ಲಿನ ಬಲ: ಕಟ್ಟಿಸಿದ ಹಲ್ಲಿನ ಇತಿಹಾಸದಿಂದ ಒಂದು ಪಾಠ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಇಕ್ಕೆಲಗಳಲ್ಲೂ ಕಡಲೆಕಾಯಿಯ ರಾಶಿ. ಹಿರಿಯರೊಬ್ಬರು ಒಂದು ಕಾಯಿಯನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಒಡೆಯಲು ಹೋಗುತ್ತಾರೆ ಎಂದುಕೊಳ್ಳೋಣ. ಅವರ ಮೇಲಿನ ಹಲ್ಲುಗಳೆಲ್ಲ ಕಟ್ಟಿಸಿದವು. ಕೆಳಗಿನ ಬಾಚಿಹಲ್ಲುಗಳು ಸ್ವಂತದವು. ಕಾಯಿ ಒಡೆಯುವ ಮೊದಲೇ ಮೇಲಿನ ಸೆಟ್ಟು ಹಿಂಭಾಗದಲ್ಲಿ ಕಳಚಿ ನಾಲಿಗೆಯ ಮೇಲೆ ಬೀಳುತ್ತದೆ. ‘ಸೆಟ್ಟು ಸರಿಯಾಗಿ ಕೂತಿಲ್ಲ’ ಎಂದು ಅವರ ದೂರು. ಆದರೆ ದೋಷ ನಿಜವಾಗಿಯೂ ಸೆಟ್ಟಿನದೇ?

ಕಟ್ಟಿಸಿದ ಹಲ್ಲಿನ ಇತಿಹಾಸದ ಬಹುಭಾಗ ‘ಸೆಟ್ಟನ್ನು ಬಾಯಲ್ಲಿ ನಿಲ್ಲಿಸುವುದು ಹೇಗೆ?’ ಎಂಬ ಪ್ರಶ್ನೆಯಲ್ಲೇ ಕಳೆಯಿತು. ಎದುರಿಗಿರುವ ಸ್ವಂತ ಹಲ್ಲು ಸೆಟ್ಟಿಗೂ ಅದರಡಿಯ ಮೂಳೆಗೂ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಿ ದಾಖಲಾದದ್ದು 1972ರಲ್ಲಿ.

ಸ್ಪ್ರಿಂಗಿನಿಂದ ಜೊಲ್ಲಿನವರೆಗೆ

1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ದಂತವೈದ್ಯವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಮೇಲಿನ ಪೂರ್ಣ ಸೆಟ್ಟನ್ನು ನಿಲ್ಲಿಸಲು ಅವನು ಹೂಡಿದ ಉಪಾಯ ಕುತೂಹಲಕರವಾಗಿದೆ. ಕೆಳಗಿನ ಸ್ವಂತ ಹಲ್ಲುಗಳನ್ನು ಲೋಹದ ಚೌಕಟ್ಟಿನಿಂದ ಸುತ್ತುವರಿದು, ಅದಕ್ಕೆ ಸ್ಪ್ರಿಂಗುಗಳನ್ನು ಜೋಡಿಸಿ, ಸೆಟ್ಟನ್ನು ಸದಾ ಮೇಲಕ್ಕೆ ಒತ್ತಿಹಿಡಿಯುವುದು. ಅವನ ದೃಷ್ಟಿಯಲ್ಲಿ ಎದುರಿನ ಹಲ್ಲು ಒಂದು ಆಸರೆ, ಅಷ್ಟೆ.

1800ರಲ್ಲಿ ಫಿಲಡೆಲ್ಫಿಯದ ದಂತವೈದ್ಯ ಜೇಮ್ಸ್ ಗಾರ್ಡೆಟ್ ಮಹಿಳೆಯೊಬ್ಬರಿಗೆ ಸೆಟ್ಟು ಮಾಡಿಕೊಟ್ಟ. ಸ್ಪ್ರಿಂಗನ್ನು ಆಮೇಲೆ ಜೋಡಿಸುವುದೆಂದು ಹೇಳಿದ್ದ. ಕೆಲವು ತಿಂಗಳ ನಂತರ ಹೋಗಿ ನೋಡಿದರೆ, ಮೇಲಿನ ಸೆಟ್ಟು ಸ್ಪ್ರಿಂಗಿಲ್ಲದೆಯೇ ಭದ್ರವಾಗಿ ನಿಂತಿತ್ತು! ಜಪಾನಿನಲ್ಲಿ ಇದು ಅದಕ್ಕೂ ಮೊದಲೇ ತಿಳಿದಿತ್ತು. ವಾಕಾಯಾಮಾದಲ್ಲಿ 1538ರಲ್ಲಿ ತೀರಿಕೊಂಡ ಬೌದ್ಧ ಸನ್ಯಾಸಿನಿಯೊಬ್ಬಳ ಮರದ ಸೆಟ್ಟು ಅಂಗುಳಕ್ಕೆ ಅಂಟಿಯೇ ನಿಲ್ಲುತ್ತಿತ್ತು.

ಇದು ಹೇಗೆ ಸಾಧ್ಯ? ಎರಡು ಗಾಜಿನ ಹಲಗೆಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ, ಮತ್ತೆ ಎಳೆದು ಬೇರ್ಪಡಿಸಲು ಪ್ರಯತ್ನಿಸಿ, ಸುಲಭವಲ್ಲ. ವಿಕಿರಣ ನಿಯಮದಿಂದ ನಮಗೆಲ್ಲ ಪರಿಚಿತನಾದ ಯೋಸೆಫ್ ಸ್ಟೀಫನ್ 1874ರಲ್ಲಿ ಇದನ್ನು ಲೆಕ್ಕ ಹಾಕಿದ. ನಡುವೆ ದ್ರವವಿರುವ ಎರಡು ದುಂಡು ಫಲಕಗಳನ್ನು ಒಂದು ನಿರ್ದಿಷ್ಟ ವೇಗದಲ್ಲಿ ಅಗಲಿಸಲು ಬೇಕಾದ ಬಲವು ದ್ರವದ ಸ್ನಿಗ್ಧತೆಗೂ ಫಲಕದ ತ್ರಿಜ್ಯದ ನಾಲ್ಕನೆಯ ಘಾತಕ್ಕೂ ಅನುಪಾತದಲ್ಲಿರುತ್ತದೆ. ದ್ರವ ಪದರದ ದಪ್ಪದ ಘನಕ್ಕೆ ವಿಲೋಮವಾಗಿರುತ್ತದೆ. ಪದರದ ದಪ್ಪ ಅರ್ಧವಾದರೆ ಬಲ ಎಂಟು ಪಟ್ಟು! ಬಾಯಿಯಲ್ಲಿ ಆ ದ್ರವವೇ ಜೊಲ್ಲು. ಅಂಗುಳವನ್ನೆಲ್ಲ ಆವರಿಸುವ ಮೇಲಿನ ಸೆಟ್ಟು ಕೆಳಗಿನದಕ್ಕಿಂತ ಭದ್ರವಾಗಿ ನಿಲ್ಲಲು ಇದು ಒಂದು ಮುಖ್ಯ ಕಾರಣ. ಅಂಚು ಎಲ್ಲ ಕಡೆಯೂ ವಸಡಿಗೆ ಕೂಡಿಕೊಂಡಿದ್ದರೆ ವಾಯುವಿನ ಒತ್ತಡವೂ ನೆರವಾಗುತ್ತದೆ.

ಈಗ ಪರಿಷೆಯ ಹಿರಿಯರತ್ತ ತಿರುಗೋಣ. ಸೆಟ್ಟಿನ ಮುಂದಿನ ಹಲ್ಲುಗಳು ಸಾಮಾನ್ಯವಾಗಿ ವಸಡಿನ ದಿಂಡಿಗಿಂತ ಸ್ವಲ್ಪ ಮುಂದಕ್ಕಿರುತ್ತವೆ. ಕೆಳಗಿನ ಸ್ವಂತ ಹಲ್ಲುಗಳು ಅವನ್ನು ಮೇಲಕ್ಕೆ ಒತ್ತಿದಾಗ ಸೆಟ್ಟು ಒಂದು ಸನ್ನೆಯಾಗುತ್ತದೆ, ದಿಂಡು ಅದರ ಆನಿಕೆ. ಮುಂಭಾಗ ಮೇಲೇರಿದರೆ ಹಿಂಭಾಗ ಕೆಳಗಿಳಿಯಲೇಬೇಕು. ಅಲ್ಲಿ ಜೊಲ್ಲಿನ ಪದರ ದಪ್ಪವಾಗುತ್ತದೆ, ಗಾಳಿ ನುಗ್ಗುತ್ತದೆ, ಸೆಟ್ಟು ಬೀಳುತ್ತದೆ.

ಪದಾರ್ಥಗಳ ಹುಡುಕಾಟ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಂಧಕ ಬೆರೆಸಿ ಕಾಯಿಸಿದ ಗಟ್ಟಿ ರಬ್ಬರು ಬಂದಿತು. ದುಬಾರಿ ದಂತ, ಚಿನ್ನಗಳ ಬದಲಿಗೆ ಬಾಯಿಯ ಅಚ್ಚಿಗೆ ಸರಿಯಾಗಿ ಹೊಂದುವ ಅಗ್ಗದ ಸೆಟ್ಟು ಸಾಧ್ಯವಾಯಿತು. 1937ರ ಹೊತ್ತಿಗೆ ಅಕ್ರಿಲಿಕ್ ಬಂದು ರಬ್ಬರನ್ನು ಹಿಂದೆ ಹಾಕಿತು. ಎದುರಿಗೆ ಸ್ವಂತ ಹಲ್ಲಿದ್ದವರಿಗೆ ಮಾತ್ರ ಎರಡೂ ಕಡೆ ಕಷ್ಟ. ಸೆಟ್ಟಿಗೆ ಪಿಂಗಾಣಿ ಹಲ್ಲು ಕೂರಿಸಿದರೆ ಅದು ಎದುರಿನ ಹಲ್ಲಿನ ಎನಾಮಲ್ಲನ್ನು ತೇಯುತ್ತದೆ. ಅಕ್ರಿಲಿಕ್ ಹಲ್ಲು ಕೂರಿಸಿದರೆ ತಾನೇ ಸವೆಯುತ್ತದೆ. ದಿನವೂ ನೂರಾರು ಸಲ ಬಾಗಿ ಬಾಗಿ ಮೇಲಿನ ಸೆಟ್ಟು ನಟ್ಟನಡುವೆ ಸೀಳುವುದೂ ಉಂಟು. ಇದು ಸೇತುವೆಯ ಉಕ್ಕಿನಲ್ಲಿ ಎಂಜಿನಿಯರುಗಳು ಕಾಣುವ ದಣಿವೇ.

ಕಾರಣ ಲೆಕ್ಕದಲ್ಲೇ ಇದೆ. ಸ್ವಂತ ದವಡೆಹಲ್ಲುಗಳು ಸುಮಾರು 500ರಿಂದ 700 ನ್ಯೂಟನ್ ಬಲದಿಂದ ಕಚ್ಚಬಲ್ಲವು. ಎರಡೂ ಕಡೆ ಕಟ್ಟಿಸಿಕೊಂಡವರಲ್ಲಿ ಇದು ನಾಲ್ಕನೆಯ ಒಂದು ಭಾಗ ಅಥವಾ ಇನ್ನೂ ಕಡಿಮೆ. ಒಂದು ದವಡೆಯ ಹಲ್ಲುಗಳ ಬೇರುಗಳನ್ನು ಮೂಳೆಗೆ ಬಂಧಿಸುವ ತಂತುಪೊರೆಯ ಒಟ್ಟು ವಿಸ್ತೀರ್ಣ ಸುಮಾರು 45 ಚದರ ಸೆಂಟಿಮೀಟರ್. ಸೆಟ್ಟಿಗೆ ಆಧಾರವಾಗಿ ಸಿಗುವ ಮೆದು ಪೊರೆ ಮೇಲ್ದವಡೆಯಲ್ಲಿ ಸುಮಾರು 23, ಕೆಳದವಡೆಯಲ್ಲಿ ಕೇವಲ 12. ಮೇಲೆ ಸ್ವಂತ ಹಲ್ಲು, ಕೆಳಗೆ ಪೂರ್ಣ ಸೆಟ್ಟು ಎಂಬ ಸ್ಥಿತಿಗೆ ದಂತವೈದ್ಯರು ಹೆದರುವುದು ಈ ಕಾರಣಕ್ಕೇ.

ಉಳಿದ ಹಲ್ಲುಗಳು ಸಮನಾಗಿರುವುದೂ ಇಲ್ಲ. ಕೆಲವು ವಾಲಿರುತ್ತವೆ, ಜೊತೆಗಾರನಿಲ್ಲದೆ ಕೆಲವು ಮೇಲೆದ್ದಿರುತ್ತವೆ. ಇಳಿಜಾರಿನ ಮೇಲೆ ಬಿದ್ದ ಬಲ ಸೆಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. 1951ರಲ್ಲಿ ಅಮೆರಿಕದ ಸ್ಟಾನ್ಸ್‌ಬರಿ ಪ್ರಕಟಿಸಿದ ಲೇಖನ ಒಂಟಿ ಸೆಟ್ಟನ್ನೇ ಕುರಿತದ್ದು. ಮೇಲಿನ ತಳಹದಿಗೆ ಮೆದು ಮೇಣ ಮೆತ್ತಿ, ರೋಗಿ ದವಡೆ ಆಡಿಸುವಾಗ ಕೆಳಗಿನ ಹಲ್ಲುಗಳೇ ತಮ್ಮ ದಾರಿಯನ್ನು ಅದರಲ್ಲಿ ಕೊರೆಯುವಂತೆ ಮಾಡುವ ವಿಧಾನ ಅವನ ಹೆಸರಿನೊಂದಿಗೆ ಸೇರಿಕೊಂಡಿದೆ. ಆ ದಾರಿಗೆ ಹೊಂದುವಂತೆ ಕೃತಕ ಹಲ್ಲು ಜೋಡಿಸಲಾಗುತ್ತದೆ. ಅಡ್ಡಬರುವ ಸ್ವಂತ ಹಲ್ಲಿನ ಏರುತಗ್ಗನ್ನು ಮೊದಲು ಅಚ್ಚಿನ ಮೇಲೆ ತಿದ್ದಿ ನೋಡಿ, ನಂತರ ಬಾಯಲ್ಲಿ ಅಷ್ಟನ್ನೇ ತೇಯುವ ಕ್ರಮವೂ ಬಂದಿತು.

ಒಂದೇ ಸಂಚಿಕೆ, ಎರಡು ಲೇಖನ

1972ರ ಫೆಬ್ರವರಿಯಲ್ಲಿ ‘ಜರ್ನಲ್ ಆಫ್ ಪ್ರಾಸ್ತೆಟಿಕ್ ಡೆಂಟಿಸ್ಟ್ರಿ’ಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು. ಮೊದಲನೆಯದು ಆಂಟ್ಯೆ ಟಾಲ್‌ಗ್ರೆನ್ ಅವರದು. ಎರಡೂ ಕಡೆ ಸೆಟ್ಟು ಧರಿಸಿದವರನ್ನು 25 ವರ್ಷಗಳ ಅವಧಿಯಲ್ಲಿ ಅಳೆದ ಅವರು, ಕೆಳದವಡೆಯ ಮುಂಭಾಗದ ಮೂಳೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಕರಗುತ್ತದೆ ಎಂದು ತೋರಿಸಿದರು.

ಅದೇ ಸಂಚಿಕೆಯಲ್ಲಿ ಎಲ್ಸ್‌ವರ್ತ್ ಕೆಲ್ಲಿ ಇನ್ನೊಂದು ಚಿತ್ರ ಮುಂದಿಟ್ಟರು. ಮೇಲೆ ಪೂರ್ಣ ಸೆಟ್ಟು, ಕೆಳಗೆ ಮುಂದಿನ ಸ್ವಂತ ಹಲ್ಲುಗಳು, ಹಿಂದೆ ಭಾಗಶಃ ಸೆಟ್ಟು. ಇಂಥ ಆರು ಮಂದಿಯನ್ನು ಅವರು ಮೂರು ವರ್ಷ ಕ್ಷಕಿರಣದಿಂದ ಗಮನಿಸಿದರು. ಇಲ್ಲಿ ಕರಗಿದ್ದು ಮೇಲ್ದವಡೆಯ ಮುಂಭಾಗದ ಮೂಳೆ! ಅದರ ಜಾಗದಲ್ಲಿ ಅಲುಗಾಡುವ ಮೆದು ಮಾಂಸ. ಜೊತೆಗೆ ಮೇಲ್ದವಡೆಯ ಹಿಂತುದಿಯ ಉಬ್ಬು ಬೆಳೆಯುವುದು, ಅಂಗುಳದ ಪೊರೆ ಗಂಟುಗಟ್ಟುವುದು, ಕೆಳಗಿನ ಮುಂದಿನ ಹಲ್ಲು ಮೇಲೇಳುವುದು, ಭಾಗಶಃ ಸೆಟ್ಟಿನ ಅಡಿಯ ಮೂಳೆ ಸವೆಯುವುದು. ಹೀಗೆ ಐದು ಲಕ್ಷಣಗಳ ಕೂಟವನ್ನು ಅವರು ‘ಕಾಂಬಿನೇಶನ್ ಸಿಂಡ್ರೋಮ್’ ಎಂದು ಕರೆದರು.

ಆರು ಮಂದಿ ಎಂಬುದು ಚಿಕ್ಕ ಸಂಖ್ಯೆ. ಐದೂ ಲಕ್ಷಣಗಳು ಎಲ್ಲರಲ್ಲೂ ಕಾಣುವುದಿಲ್ಲವೆಂದು ಮುಂದಿನ ಅಧ್ಯಯನಗಳು ತಿಳಿಸಿದವು. ಆದರೂ ಮುಖ್ಯ ಪಾಠ ಉಳಿಯಿತು: ಸೆಟ್ಟು ಸಡಿಲವಾಯಿತೆಂದರೆ ಅದರಡಿಯ ನೆಲವೇ ಜರುಗಿರಬಹುದು.

ನಮ್ಮ ಊರಿನಲ್ಲಿ

ಚಾಮರಾಜಪೇಟೆಯ ಸಮೀಪ, 1900ರಲ್ಲಿ ಆರಂಭವಾದ ವಿಕ್ಟೋರಿಯ ಆಸ್ಪತ್ರೆಯ ಮಗ್ಗುಲಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. 1958ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಒಂದು ಶಾಖೆಯಾಗಿ ಹುಟ್ಟಿದ್ದು ಅದು. ಬಸವನಗುಡಿಗೆ ಹೊಂದಿದ ವಿ.ವಿ. ಪುರದಲ್ಲಿಯೂ ದಂತ ಕಾಲೇಜೊಂದಿದೆ. 2014ರಲ್ಲಿ ರಾಜ್ಯ ಸರ್ಕಾರ ಬಡ ಹಿರಿಯ ನಾಗರಿಕರಿಗೆ ಉಚಿತ ಸೆಟ್ಟು ಒದಗಿಸಲು ‘ದಂತ ಭಾಗ್ಯ’ ಯೋಜನೆಯನ್ನು ಆರಂಭಿಸಿತು. ಸೆಟ್ಟು ದೊರೆಯುವುದು ಭಾಗ್ಯವೇ ಸರಿ. ಆದರೆ ಎದುರಿಗೆ ಸ್ವಂತ ಹಲ್ಲಿರುವವರಿಗೆ ಅದು ಚಿಕಿತ್ಸೆಯ ಆರಂಭ ಮಾತ್ರ.

1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಮನುಷ್ಯನ ದವಡೆಯಲ್ಲಿ ಟೈಟಾನಿಯಂ ಕೃತಕ ಬೇರುಗಳನ್ನು ನೆಟ್ಟ ಮೇಲೆ ಸಮಸ್ಯೆ ಮುಗಿಯಿತೆಂದು ಭಾವಿಸುವಂತಿಲ್ಲ. ಕೆಳಗೆ ಮುಂಭಾಗದಲ್ಲಿ ಮಾತ್ರ ಅವನ್ನು ನೆಟ್ಟು ಮೇಲೆ ಹಳೆಯ ಸೆಟ್ಟನ್ನೇ ಉಳಿಸಿದರೆ ಅದೇ ಸನ್ನೆ, ಅದೇ ಆನಿಕೆ ಮರಳಿ ಬರಬಹುದು.

ಹಾಗಾಗಿ ಮೇಲೆ ಸೆಟ್ಟು ಕಟ್ಟಿಸಿಕೊಂಡವರು ಕೆಳಗಿನ ದವಡೆಹಲ್ಲುಗಳನ್ನು ಆದಷ್ಟು ಉಳಿಸಿಕೊಳ್ಳಬೇಕು. ಅವು ಹೋಗಿದ್ದರೆ ಆ ಜಾಗವನ್ನು ಖಾಲಿ ಬಿಡಬಾರದು. ಮುಂದಿನ ಹಲ್ಲಿನಿಂದ ಕಚ್ಚದೆ, ಚಿಕ್ಕ ತುಂಡುಗಳನ್ನು ಎರಡೂ ಬದಿಯ ಹಿಂದಿನ ಹಲ್ಲುಗಳಲ್ಲಿ ಅಗಿಯಬೇಕು. ರಾತ್ರಿ ಸೆಟ್ಟು ತೆಗೆದಿಡಬೇಕು. ವರ್ಷಕ್ಕೊಮ್ಮೆಯಾದರೂ ತೋರಿಸಬೇಕು, ಸಡಿಲವಾದಾಗ ಅಂಟುಪುಡಿಯಿಂದ ದಿನ ದೂಡಿದರೆ ಅಡಿಯ ಮೂಳೆ ಸದ್ದಿಲ್ಲದೆ ಕರಗುತ್ತಿರುತ್ತದೆ.

ಪರಿಷೆಯ ಕಡಲೆಕಾಯಿಯನ್ನೇನೂ ಬಿಡಬೇಕಾಗಿಲ್ಲ. ಕೈಯಲ್ಲಿ ಒಡೆದು, ಬೀಜವನ್ನು ಹಿಂದಕ್ಕೆ ಹಾಕಿಕೊಂಡು ಅಗಿದರಾಯಿತು.