ತುಂಗಭದ್ರಾ ಸೀಮೆಯ ಮೆದುಳು ಜ್ವರ: ಸಾವಿನ ಕಾರಣ ಹುಡುಕಿದ ದಾರಿ

ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್, ಕ್ಯೂಲೆಕ್ಸ್ ಸೊಳ್ಳೆ ಹರಡುವ ವೈರಸ್ಸಿನ ಕಾಯಿಲೆ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ಅದು ತೀವ್ರವಾಗುತ್ತದೆ. ಉಳಿದವರಿಗೆ ಸಣ್ಣ ಜ್ವರ ಬಂದು ಹೋಗುತ್ತದೆ, ಎಷ್ಟೋ ಸಲ ಅದೂ ಗೊತ್ತಾಗುವುದಿಲ್ಲ. ಮೆದುಳಿಗೆ ಏರಿದವರಲ್ಲಿ ಮಾತ್ರ ಶೇ 30ರವರೆಗೆ ಸಾಯುತ್ತಾರೆ, ಬದುಕಿದವರಲ್ಲೂ ಶೇ 30ರಿಂದ 50 ಮಂದಿಗೆ ಒಂದಲ್ಲ ಒಂದು ಊನ ಉಳಿಯುತ್ತದೆ. ಇವರಲ್ಲಿ ಹೆಚ್ಚಿನವರು ಮಕ್ಕಳು.

ಶುರುವಿನಲ್ಲಿ ಇದು ಯಾವುದೇ ಜ್ವರದಂತೆಯೇ ಇರುತ್ತದೆ: ಮೈ ಸುಡುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಮಗು ಮಂಕಾಗುತ್ತದೆ, ಕರೆದರೆ ಓಗೊಡುವುದಿಲ್ಲ, ಫಿಟ್ಸ್ ಬರತೊಡಗುತ್ತವೆ. ಕೆಲವರ ಮುಖದಲ್ಲಿ ಭಾವವೇ ಇಲ್ಲದಂತಾಗಿ, ಕಣ್ಣು ಬಿಟ್ಟಂತೆಯೇ ನಿಂತು, ಕೈಕಾಲು ಬಿಗಿದು ನಡುಗುತ್ತವೆ. ಮೆದುಳಿನ ಆಳದಲ್ಲಿರುವ ಥಲಮಸ್ ಮತ್ತು ಚಲನೆಯನ್ನು ಹದದಲ್ಲಿಡುವ ಭಾಗಗಳಿಗೆ ವೈರಸ್ ಪೆಟ್ಟು ಕೊಡುವುದರಿಂದ ಹೀಗಾಗುತ್ತದೆ.

ಕಾಯಿಲೆಯನ್ನು ಮೊದಲು ಗುರುತಿಸಿದ್ದು ಜಪಾನಿನಲ್ಲಿ. ಅಲ್ಲಿ 1924ರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. 1935ರಲ್ಲಿ ಟೋಕಿಯೊದಲ್ಲಿ, ಸತ್ತ ರೋಗಿಯೊಬ್ಬರ ಮೆದುಳಿನಿಂದ ವೈರಸ್ಸನ್ನು ಬೇರ್ಪಡಿಸಲಾಯಿತು. ಅದೇ ನಾಕಯಾಮಾ ತಳಿ. ಅದು ಸೊಳ್ಳೆಯಲ್ಲೂ ಸಿಕ್ಕಿತು. 1950ರ ದಶಕದಲ್ಲಿ ಅಮೆರಿಕದ ಬ್ಯೂಶರ್ ಮತ್ತು ಷೆರರ್ ಜಪಾನಿನಲ್ಲಿ ನಡೆಸಿದ ಅಧ್ಯಯನ ಪೂರ್ತಿ ಸರಪಳಿಯನ್ನೇ ಬಿಡಿಸಿಟ್ಟಿತು: ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ ವೈರಸ್ ಇರುತ್ತದೆ, ಹಂದಿಗಳಲ್ಲಿ ಹೇರಳವಾಗಿ ಬೆಳೆಯುತ್ತದೆ, ಗದ್ದೆಯ ಸೊಳ್ಳೆ ಅದನ್ನು ಮನುಷ್ಯರಿಗೆ ತಲುಪಿಸುತ್ತದೆ. ಮನುಷ್ಯರ ರಕ್ತದಲ್ಲಿ ವೈರಸ್ ತೀರ ಕಡಿಮೆ ಇರುವುದರಿಂದ ಅದು ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ರೋಗಿಯ ಪಕ್ಕ ಕುಳಿತವರಿಗೆ ಅಂಟೀತೆಂಬ ಭಯಕ್ಕೆ ಆಧಾರವಿಲ್ಲ.

ಭಾರತದಲ್ಲಿ ಮೊದಲ ರೋಗಿಗಳು ಪತ್ತೆಯಾದದ್ದು 1955ರಲ್ಲಿ, ವೆಲ್ಲೂರಿನ ಸುತ್ತ. 1973ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾದಲ್ಲಿ ಸುಮಾರು 700 ಮಂದಿಗೆ ಕಾಯಿಲೆ ಬಂದು 300 ಮಂದಿ ಸತ್ತ ಮೇಲೆ ದೇಶದ ಗಮನ ಇತ್ತ ಹರಿಯಿತು. ಕರ್ನಾಟಕದ ಸರದಿ 1977ರಲ್ಲಿ ಬಂತು. ಕೋಲಾರ ಜಿಲ್ಲೆಯಲ್ಲಿ ಮಕ್ಕಳು ಸಾಯತೊಡಗಿದಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಬಂದು ರೋಗಿಗಳ ರಕ್ತ, ಕೆರೆ ಬಯಲಿನ ಸೊಳ್ಳೆ, ಹಂದಿ, ಹಕ್ಕಿ ಎಲ್ಲವನ್ನೂ ಪರೀಕ್ಷಿಸಿದರು. ಕೋಲಾರ, ಮಂಡ್ಯಗಳಲ್ಲಿ ವರ್ಷಗಟ್ಟಲೆ ನಡೆದ ಈ ಕೆಲಸ ಕನ್ನಡ ನಾಡಿನ ಮಟ್ಟಿಗೆ ಬುನಾದಿಯಂಥದು. ಕೋಲಾರದ ರೋಗಿಯೊಬ್ಬರಿಂದ 1980ರ ದಶಕದ ಆರಂಭದಲ್ಲಿ ಸಿಕ್ಕ ವೈರಸ್ ತಳಿ ಮುಂದೆ ಲಸಿಕೆಗೇ ಮೂಲವಾಯಿತು.

ಯಾರು ಸಾಯುತ್ತಾರೆ, ಯಾರು ಬದುಕುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ಎಳೆಗಳು ಸಿಕ್ಕಿದ್ದು ಆ ದಶಕದಿಂದೀಚೆಗೆ. 1985ರಲ್ಲಿ ಡೊನಾಲ್ಡ್ ಬರ್ಕ್ ಮತ್ತು ಸಂಗಡಿಗರು ಥಾಯ್ಲೆಂಡಿನ ರೋಗಿಗಳಲ್ಲಿ ಕಂಡಂತೆ, ಬೆನ್ನುಹುರಿಯ ನೀರಿನಲ್ಲಿ ವೈರಸ್ ಇದ್ದು ಪ್ರತಿಕಾಯ ಕಡಿಮೆ ಇದ್ದವರಿಗೆ ಸಾವು ಹತ್ತಿರ. ದೇಹ ಪ್ರತಿಕಾಯ ತಯಾರಿಸುವ ಮುನ್ನವೇ ವೈರಸ್ ಮೆದುಳನ್ನು ಹಿಡಿದಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿ. ರವಿ ಅವರ ತಂಡ 1990ರ ದಶಕದಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿತು: ಉರಿಯೂತ ಹೆಚ್ಚಿಸುವ ಟಿಎನ್ಎಫ್ ಎಂಬ ಪ್ರೋಟೀನು ರಕ್ತದಲ್ಲೂ ಬೆನ್ನುಹುರಿಯ ನೀರಿನಲ್ಲೂ ಏರಿದಷ್ಟೂ ರೋಗಿಯ ಗತಿ ಕೆಡುತ್ತದೆ. ವೈರಸ್ಸಿನ ಪೆಟ್ಟಿನ ಜೊತೆಗೆ ದೇಹದ್ದೇ ಪ್ರತಿರೋಧದ ಬಿರುಸು ಕೂಡ ಕೊಲ್ಲುತ್ತದೆ.

ಈ ತಿಳಿವಳಿಕೆ ಔಷಧವಾಗಿ ಫಲಿಸಲಿಲ್ಲ ಎಂಬುದು ನೋವಿನ ಸಂಗತಿ. ಡೆಕ್ಸಾಮೆಥಾಸೋನ್, ಇಂಟರ್ಫೆರಾನ್, ರಿಬಾವಿರಿನ್ ಒಂದೊಂದನ್ನೂ ಥಾಯ್ಲೆಂಡ್, ವಿಯೆಟ್ನಾಂ, ಉತ್ತರ ಪ್ರದೇಶಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದರೂ ಸಾವು ತಗ್ಗಲಿಲ್ಲ. ಇಂದಿಗೂ ಚಿಕಿತ್ಸೆಯೆಂದರೆ ಉಸಿರಾಟದ ದಾರಿ ಕಾಯುವುದು, ಫಿಟ್ಸ್ ನಿಲ್ಲಿಸುವುದು, ಮೆದುಳಿನ ಊತ ಇಳಿಸುವುದು, ಸಕ್ಕರೆ ಮತ್ತು ದ್ರವದ ಮಟ್ಟ ನೋಡಿಕೊಳ್ಳುವುದು. ಇವೆಲ್ಲ ಸಕಾಲಕ್ಕೆ ಸಿಕ್ಕರೆ ಪ್ರಾಣ ಉಳಿಯಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಊರಿನಿಂದ ಫಿಟ್ಸ್ ಬರುತ್ತಿರುವ ಮಗುವನ್ನು ಹೊಸಪೇಟೆ ದಾಟಿಸಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ಯಬೇಕಾದಾಗ ದಾರಿಯ ಒಂದೊಂದು ಗಂಟೆಗೂ ಬೆಲೆಯಿದೆ. ಹಾಗಾಗಿ ಹತ್ತಿರದ ಆಸ್ಪತ್ರೆಯಲ್ಲೇ ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು, ಮಗುವನ್ನು ಮಗ್ಗುಲಾಗಿ ಮಲಗಿಸಿ, ಆಕ್ಸಿಜನ್ ಇರುವ ಆಂಬುಲೆನ್ಸಿನಲ್ಲಿ ಕಳಿಸುವುದು ಯಾವ ಹೊಸ ಔಷಧಕ್ಕಿಂತಲೂ ಕಡಿಮೆಯದಲ್ಲ.

ಬಳ್ಳಾರಿ ಸೀಮೆ ಈ ಕಾಯಿಲೆಗೆ ನೆಲೆಯಾದದ್ದಕ್ಕೆ ನೀರಾವರಿಯ ನಂಟಿದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಿದ್ದ ಮೇಲೆ ಕಂಪ್ಲಿ, ಸಿರುಗುಪ್ಪ, ಗಂಗಾವತಿ ಕಡೆ ಭತ್ತದ ಗದ್ದೆಗಳು ಹಬ್ಬಿದವು. ನಾಟಿಯಾದ ಕೆಲವು ವಾರ, ಪೈರು ಇನ್ನೂ ಗಿಡ್ಡವಿದ್ದು ನೀರಿಗೆ ಬಿಸಿಲು ತಾಗುವಾಗ, ಕ್ಯೂಲೆಕ್ಸ್ ಮರಿಗಳು ಅಲ್ಲಿ ಯಥೇಚ್ಛವಾಗಿ ಬೆಳೆಯುತ್ತವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕು ಬಹುಪಾಲು ಜೋಳ, ಮೆಕ್ಕೆಜೋಳದ ಬೆದ್ದಲು ನೆಲ, ಆದರೆ ತಂಬ್ರಹಳ್ಳಿ ಕಡೆಗೆ ಜಲಾಶಯದ ಹಿನ್ನೀರು ಚಾಚಿದೆ. ಅದೇ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಹಕ್ಕಿಧಾಮ. ಹಕ್ಕಿಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ವೈರಸ್ ಅವುಗಳಲ್ಲಿ ಎಂದಿನಿಂದಲೂ ಇದೆ. ಊರೊಳಗೆ ಅಡ್ಡಾಡುವ ಹಂದಿಗಳನ್ನು ಮನೆಗಳಿಂದ ದೂರ ಇಡುವುದು ಕೈಲಾಗುವ ಮಾತು. ಮನೆಯ ತೊಟ್ಟಿ, ಡ್ರಮ್ಮು ತೊಳೆದರೆ ಡೆಂಗಿಯ ಸೊಳ್ಳೆ ತಗ್ಗೀತು, ಗದ್ದೆಯ ಸೊಳ್ಳೆಗೆ ಆ ಉಪಾಯ ನಡೆಯುವುದಿಲ್ಲ. ಅದಕ್ಕೆ ಗದ್ದೆಯ ನೀರನ್ನು ಆಗಾಗ ಆರಿಸಿ ಮತ್ತೆ ಕಟ್ಟಬೇಕು, ಮುಸ್ಸಂಜೆಯಿಂದ ಸೊಳ್ಳೆಪರದೆಯೊಳಗೆ ಇರಬೇಕು.

ನಿಜವಾದ ತಿರುವು ತಂದದ್ದು ಲಸಿಕೆ. 2005ರಲ್ಲಿ ಗೋರಖ್‌ಪುರದ ಸುತ್ತ ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಕೇಂದ್ರ ಸರ್ಕಾರ ಎಚ್ಚೆತ್ತು, ಮರುವರ್ಷ ಚೀನಾದ ಎಸ್ಎ 14-14-2 ಲಸಿಕೆಯನ್ನು ಅತಿ ಅಪಾಯದ 11 ಜಿಲ್ಲೆಗಳ 1ರಿಂದ 15 ವರ್ಷದ ಮಕ್ಕಳಿಗೆ ಹಾಕಿಸಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದುದು ಬಳ್ಳಾರಿ ಒಂದೇ. ಇಂದಿನ ವಿಜಯನಗರ ಜಿಲ್ಲೆ ಆಗ ಅದರೊಳಗೇ ಇತ್ತು, ಹಾಗಾಗಿ ರಾಜ್ಯದಲ್ಲಿ ಮೊದಲು ಈ ರಕ್ಷಣೆ ಸಿಕ್ಕಿದ್ದು ಈ ಭಾಗದ ಮಕ್ಕಳಿಗೆ. ಒಂದೇ ಡೋಸ್ ಸಾಲದೆಂದು ಕಂಡಾಗ 2013ರಿಂದ 9 ತಿಂಗಳಿಗೆ ಮೊದಲನೆಯದು, 16ರಿಂದ 24 ತಿಂಗಳೊಳಗೆ ಎರಡನೆಯದು ಎಂದು ನಿಗದಿಯಾಯಿತು. ಅದೇ ವರ್ಷ ಕೋಲಾರದ ತಳಿಯಿಂದ ಭಾರತ್ ಬಯೋಟೆಕ್ ತಯಾರಿಸಿದ ಜೆನ್ವ್ಯಾಕ್ ಬಳಕೆಗೆ ಬಂತು. 2022ರ ಡಿಸೆಂಬರಿನಲ್ಲಿ ಗದಗ, ಹಾವೇರಿ, ಹಾಸನ, ಉಡುಪಿ ಸೇರಿ ಇನ್ನೂ 10 ಜಿಲ್ಲೆಗಳಿಗೆ ಅಭಿಯಾನ ವಿಸ್ತರಿಸಿತು. ದುಡಿಮೆಗೆಂದು ಊರು ಬಿಟ್ಟು ಹೋಗುವ ಕುಟುಂಬಗಳ ಮಕ್ಕಳಿಗೆ ಎರಡನೆಯ ಡೋಸ್ ತಪ್ಪದಂತೆ ನೋಡಿಕೊಳ್ಳುವ ಹೊಣೆ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೇಲಿದೆ.

ಲಸಿಕೆ ಹಬ್ಬಿದ ಮೇಲೆ ರೋಗದ ಚಿತ್ರವೂ ಬದಲಾಗಿದೆ. ಮೆದುಳು ಊತದ ಲಕ್ಷಣಗಳೊಂದಿಗೆ ಬರುವವರೆಲ್ಲರಿಗೂ ಇದೇ ವೈರಸ್ ಕಾರಣವಲ್ಲ. ಒಂದು ಬಗೆಯ ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಕೂಡ ಹಾಗೇ ಕಾಣುತ್ತದೆ, ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧವಿದೆ. ಹೀಗಾಗಿ ಪ್ರತಿ ರೋಗಿಯ ಬೆನ್ನುಹುರಿಯ ನೀರು ಮತ್ತು ರಕ್ತದ ಪರೀಕ್ಷೆ ಬಿಡುವಂತಿಲ್ಲ. ಬದುಕುಳಿದ ಮಕ್ಕಳ ವಿಷಯದಲ್ಲಿ ವ್ಯವಸ್ಥೆ ಇನ್ನೂ ಹಿಂದಿದೆ. ಮಾತು ತಪ್ಪಿದ, ಕೈ ಸೆಟೆದ, ಪಾಠ ತಲೆಗೆ ಹತ್ತದ ಮಗುವಿಗೆ ತಿಂಗಳುಗಟ್ಟಲೆ ಫಿಸಿಯೋಥೆರಪಿ, ಮಾತಿನ ತರಬೇತಿ, ಫಿಟ್ಸ್ ಮಾತ್ರೆ ಬೇಕು. ಇವು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತಾಗಬೇಕು, ಕೂಲಿ ಬಿಟ್ಟು ಪ್ರತಿ ವಾರ ಬಳ್ಳಾರಿಗೆ ಹೋಗಿಬರುವುದು ಬಡ ತಾಯ್ತಂದೆಯರಿಂದ ಆಗದ ಕೆಲಸ.